ಮಾರಿ ತೋರಿಸಿ ಮಾತಾಡು

ಅಭ್ಯಾಸ ಬೋಧನೆಯ ಈ ಸಂಚಿಕೆಗೆ ಏನಾದರೂ ಬರೆಯಬೇಕೆಂದು ಕಾಲೇಜಿನಿಂದ ಫೋನು ಬಂತು. "ಪಾಠದ ಬಗ್ಗೆ ಬರೀರಿ ಮೇಡಂ" ಎಂದು ಅವರು ಹೇಳಿದ್ದು ನನಗೆ "ಆಟದ ಬಗ್ಗೆ ಬರೀರಿ" ಎಂದು ಕೇಳಿಸಿತು. ಆಟದ ಬಗ್ಗೆ ನನಗೇನು ಗೊತ್ತರೀ, ದೈಹಿಕ ಶಿಕ್ಷಣದವರನ್ನು ಕೇಳಿ ಎಂದೆ. ಆ ಕಡೆಯವರು ನಕ್ಕು ಮತ್ತೊಮ್ಮೆ ಬಿಡಿಸಿ ಹೇಳಿದರು. ಎಪ್ಪತ್ತೇಳು ವರ್ಷದ ಕಿವಿ. ಪಾಠದ 'ಪ' ಅದಕ್ಕೆ ಸಿಕ್ಕಿರಲಿಲ್ಲ.

ಬರೆಯಲು ಏನಾದರೂ ಸಿಕ್ಕೀತೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಅದರಲ್ಲಿ ನನ್ನ ಹಳೆಯ ಪಾಠ ವೀಕ್ಷಣಾ ವಹಿಗಳಿದ್ದವು. 1983ರಿಂದ 2006ರವರೆಗೆ ಧಾರವಾಡದ ಒಂದು ಶಿಕ್ಷಣ ಮಹಾವಿದ್ಯಾಲಯದಲ್ಲಿ ನಾನು ವಿಜ್ಞಾನ ಬೋಧನಾ ಪದ್ಧತಿಯ ಉಪನ್ಯಾಸಕಿ. ಹುಬ್ಬಳ್ಳಿ ಧಾರವಾಡದ ಹೈಸ್ಕೂಲುಗಳಲ್ಲಿ ಪ್ರಶಿಕ್ಷಣಾರ್ಥಿಗಳು ಪಾಠ ಮಾಡುವಾಗ ಕೂತು ಬರೆದ ವಹಿಗಳಿವು. 1987ರ ವಹಿಯನ್ನು ತೆರೆದಾಗ ಒಂದು ಪುಟ ತಾನಾಗಿ ಬಿಚ್ಚಿಕೊಂಡಿತು. ಅಷ್ಟು ಸಲ ಅದನ್ನು ನಾನೇ ತೆರೆದು ನೋಡಿದ್ದೇನೆ. ಅದರಲ್ಲಿ ಹೀಗಿದೆ:

"ಎಂಟನೆಯ ತರಗತಿ. ವಿಷಯ: ಆವಿಯಾಗುವಿಕೆ. ಪೀಠಿಕೆ ಚೆನ್ನಾಗಿದೆ. ಕೇಳಿದ ಪ್ರಶ್ನೆ 11, ಉತ್ತರ ಬಂದದ್ದು 9ಕ್ಕೆ. ಮಕ್ಕಳು ಮುಂದಕ್ಕೆ ಬಾಗಿ ಕೂತಿದ್ದರು. ದನಿ ಸಾಲದು. ಹಿಂದಿನ ಬೆಂಚಿಗೆ ತಲುಪದು. ಈ ದನಿಯಲ್ಲಿ ಶಿಕ್ಷಕ ವೃತ್ತಿ ಕಷ್ಟ."

ಕೊನೆಯ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಆ ಗೆರೆಯ ಕಥೆಯನ್ನೇ ಬರೆಯುತ್ತೇನೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ನಮ್ಮ ಅಪ್ಪ ಊರಿನ ಒಂದು ಗಿರಣಿಯಲ್ಲಿ ಮಗ್ಗದ ಖಾತೆಯ ಕೆಲಸಗಾರ. ಚಾಳಿನ ಎರಡು ಕೋಣೆಯ ಮನೆ. ಆರು ಮನೆಗಳಿಗೆ ಒಂದು ನಳ, ಅದಕ್ಕೆ ನೀರು ಬಂದಾಗ ಬಂತು. ನಮಗೆ ಗಡಿಯಾರ ಇರಲಿಲ್ಲ, ಗಿರಣಿಯ ಭೋಂಗಾ ಇತ್ತು. ಅದು ಕೂಗಿದಾಗ ಏಳಬೇಕು, ಮತ್ತೆ ಕೂಗಿದಾಗ ಅಪ್ಪನ ಬುತ್ತಿ ಕಟ್ಟಿರಬೇಕು. ರೈಲು ಎಂಜಿನ್ನುಗಳ ಸಿಳ್ಳೆ, ದುರ್ಗದಬೈಲಿನ ಸಂತೆಯ ಕೂಗು, ಜಟಕಾ ಗಾಡಿಗಳು, ಶ್ರಾವಣದಲ್ಲಿ ಸಿದ್ಧಾರೂಢರ ಮಠದ ಕಡೆ ಹೋಗುವ ಭಜನೆಯ ಮೇಳಗಳು, ಹೀಗೆ ಹುಬ್ಬಳ್ಳಿ ಯಾವಾಗಲೂ ಸದ್ದಿನ ಊರು. ಇಪ್ಪತ್ತು ಕಿಲೋಮೀಟರ್ ಆಚೆಗಿನ ಧಾರವಾಡ ಮಳೆಯ ಊರು, ಮೆಲ್ಲಗೆ ಮಾತಾಡುವ ಊರು ಎಂದು ನಮಗೆ ಹೇಳುತ್ತಿದ್ದರು. 1962ರಲ್ಲಿ ಎರಡೂ ಸೇರಿ ಒಂದೇ ಮಹಾನಗರಪಾಲಿಕೆ ಆಯಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಅಪ್ಪ ಕೇಳಿದ್ದ: "ಎರಡೂ ಊರು ಒಂದಾದುವಂತ. ಹಂಗಾರ ಧಾರವಾಡದ ಮಳಿ ನಮಗೂ ಬರತೈತೇನು?"

ಅಪ್ಪನಿಗೆ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದ ಅಲ್ಲ. ಮಗ್ಗದ ಖಾತೆಯೊಳಗೆ ಸಾಲಾಗಿ ನೂರಾರು ಮಗ್ಗ ಬಡಿದುಕೊಳ್ಳುವ ಸದ್ದಿನಲ್ಲಿ ಹದಿನೈದು ಇಪ್ಪತ್ತು ವರ್ಷ ನಿಂತವರೆಲ್ಲರ ಕಿವಿಯೂ ಹಾಗೇ ಆಗುತ್ತಿತ್ತು. ದಿನಕ್ಕೆ ಎಂಟು ತಾಸು 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿಗೆ ಕುತ್ತು ಎಂದು ಈಗ ಪುಸ್ತಕದಲ್ಲಿದೆ. ಒಳಕಿವಿಯಲ್ಲಿರುವ ಕೂದಲಿನಂಥ ಸಣ್ಣ ಕೋಶಗಳು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಆಗ ಅದು ಯಾರಿಗೂ ರೋಗ ಎನ್ನಿಸಿರಲಿಲ್ಲ. ಕೈಗೆ ದಡ್ಡು ಕಟ್ಟಿದಂತೆ ಕಿವಿಗೂ ದಡ್ಡು ಕಟ್ಟಿತು ಎನ್ನುತ್ತಿದ್ದರು. ಮಗ್ಗದ ಖಾತೆಯವರು ಒಬ್ಬರ ತುಟಿ ಒಬ್ಬರು ನೋಡಿ, ಕೈಸನ್ನೆ ಮಾಡಿ ಮಾತಾಡುತ್ತಿದ್ದರು. ಅದೇ ಅಭ್ಯಾಸ ಮನೆಗೂ ಬಂತು.

ನಾವು ಮಕ್ಕಳು ಅಪ್ಪನಿಗೆ ಕೇಳಿಸಲೆಂದು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದೆವು. ಚಾಳಿಗೆ ಹೊಸದಾಗಿ ಬಂದವರು ನಮ್ಮ ಮನೆಯಲ್ಲಿ ದಿನಾ ಜಗಳ ಎಂದು ತಿಳಿದದ್ದೂ ಉಂಟು. ಅಪ್ಪ ಅಂಗೈ ಅಡ್ಡ ಹಿಡಿದು ಹೇಳುತ್ತಿದ್ದ: "ಒದರಬ್ಯಾಡವ್ವಾ. ಮಾರಿ ತೋರ್ಸಿ ಮಾತಾಡು."

ನಮ್ಮ ಕಡೆ ಮಾರಿ ಎಂದರೆ ಮುಖ. ಒಲೆಯ ಕಡೆ ತಿರುಗಿ, ಬಟ್ಟೆ ಮಡಚುತ್ತ, ಬಾಗಿಲಾಚೆ ನಿಂತು ಎಷ್ಟು ಕೂಗಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಎದುರು ನಿಂತು, ಬೆಳಕಿಗೆ ಮುಖ ಕೊಟ್ಟು, ಸಾವಕಾಶ ಹೇಳಿದರೆ ಮೆಲುದನಿಯಾದರೂ ತಿಳಿಯುತ್ತಿತ್ತು. ಪೂರಾ ಅಲ್ಲ ಅನ್ನಿ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ನಮೂನಿ ಕಾಣುತ್ತವೆ. ಒಮ್ಮೆ ಅವ್ವ "ಬಾಳಿ ಎಲ್ಲಿ?" ಎಂದು ಸಂತೆಯಿಂದ ತರಬೇಕಾಗಿದ್ದ ಬಾಳೆಹಣ್ಣು ಕೇಳಿದರೆ, ಅಪ್ಪ "ಈ ವಾರ ರಾತ್ರಿ ಪಾಳಿ" ಎಂದು ಉತ್ತರ ಕೊಟ್ಟಿದ್ದ. ಅವ್ವ ಸಾಯುವವರೆಗೂ ಅದನ್ನು ಹೇಳಿಕೊಂಡು ನಗುತ್ತಿದ್ದಳು.

ಗಿರಣಿ ಕೆಲಸಗಾರನ ಮಗಳು ಬಿ.ಎಸ್ಸಿ. ಮುಗಿಸಿದ್ದು ಆಗ ದೊಡ್ಡ ಮಾತು. 1970ರಲ್ಲಿ ಬಿ.ಇಡಿ. ಮಾಡಲು ಧಾರವಾಡಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿದೆ. ಶಿಕ್ಷಕರನ್ನು ತಯಾರು ಮಾಡುವ ಕೆಲಸದಲ್ಲಿ ಧಾರವಾಡಕ್ಕೆ ಹಳೆಯ ಹೆಸರು. ಈ ಭಾಗದ ಸರಕಾರಿ ಸಾಲೆಗಳಲ್ಲಿ ಮರಾಠಿ ನಡೆಯುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲೆಗಳಿಗಾಗಿ ದುಡಿದು, ಇಲ್ಲಿಯ ನಾರ್ಮಲ್ ಸಾಲೆಯಲ್ಲಿ ಕನ್ನಡ ಮಾಸ್ತರರನ್ನು ತಯಾರು ಮಾಡಿದರು. ಆ ಊರಿನಲ್ಲಿ ಕಲಿಯುತ್ತಿದ್ದೇನೆಂಬ ಹೆಮ್ಮೆ ನನಗಿತ್ತು. ಇನ್ನೊಂದು ಹೆಮ್ಮೆ ನನ್ನ ದನಿಯದು. ವಿಮರ್ಶಾ ಪಾಠದ ದಿನ ನಮ್ಮ ಗುರುಗಳು ಎಲ್ಲರೆದುರು "ದನಿ ಎಂದರೆ ಹೀಗಿರಬೇಕು" ಎಂದಿದ್ದರು. ಅಪ್ಪನಿಗೆ ಕೂಗಿ ಕೂಗಿ ಬೆಳೆದ ದನಿ ಅದು. ಅದು ಎಲ್ಲಿಂದ ಬಂತೆಂದು ನಾನು ಯಾರಿಗೂ ಹೇಳಲಿಲ್ಲ.

1971ರಲ್ಲಿ ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಒಂದೊಂದು ವರ್ಗದಲ್ಲಿ ಎಪ್ಪತ್ತು ಮಕ್ಕಳು, ಮೇಲೆ ತಗಡಿನ ಮಾಳಿಗೆ, ಒಂದು ಬದಿಗೆ ರಸ್ತೆ. ದಿನಕ್ಕೆ ಐದು ಅವಧಿ. ನಾನು ಕೂಗುತ್ತಿದ್ದೆ. ಮಕ್ಕಳು ಗದ್ದಲ ಮಾಡಿದರೆ ಇನ್ನೂ ಜೋರಾಗಿ ಕೂಗುತ್ತಿದ್ದೆ. ಅವರ ಗದ್ದಲವೂ ಏರುತ್ತಿತ್ತು. ಸದ್ದು ಹೆಚ್ಚಾದಂತೆ ಮನುಷ್ಯ ತನಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಲೊಂಬಾರ್ ಎಂಬ ಕಿವಿ ಗಂಟಲಿನ ವೈದ್ಯ 1911ರಲ್ಲೇ ಬರೆದಿಟ್ಟಿದ್ದಾನೆ. ಶಿಕ್ಷಕಿ ಏರಿಸಿದಳೆಂದು ಮಕ್ಕಳು, ಮಕ್ಕಳು ಏರಿಸಿದರೆಂದು ಶಿಕ್ಷಕಿ. ಇದು ನನಗೆ ತಿಳಿದದ್ದು ಬಹಳ ತಡವಾಗಿ.

ಒಂದು ದಿನ ನಾನು ಬುತ್ತಿ ಮರೆತು ಹೋಗಿದ್ದೆ. ಅಪ್ಪ ಅದನ್ನು ತೆಗೆದುಕೊಂಡು ಸಾಲಿಗೆ ಬಂದ. ಅವಧಿ ಮುಗಿಯುವವರೆಗೆ ಕಿಟಕಿಯ ಹೊರಗೆ ನಿಂತಿದ್ದ. ಸಂಜೆ ಮನೆಯಲ್ಲಿ ಹೇಳಿದ: "ನೀ ಏನ ಕಲಿಸಿದೆಯೋ ನನಗ ಕೇಳಲಿಲ್ಲವ್ವಾ. ನಿನ್ನ ಕೊಳ್ಳಿನ ನರ ಕಂಡೂ. ಬೋರ್ಡಿಗೆ ಮಾರಿ ಮಾಡಿ ಒದರತಿದ್ದಿ. ಹುಡುಗರು ಕಿಟಕಿ ನೋಡತಿದ್ರು, ನನ್ನ ನೋಡತಿದ್ರು. ನಿನ್ನ ನೋಡಿದವರು ಯಾರೂ ಇಲ್ಲ."

ನನಗೆ ಸಿಟ್ಟು ಬಂತು. ಕಿವಿ ಕೇಳದವನು, ನಾಲ್ಕನೆಯ ಇಯತ್ತೆ ಓದಿದವನು, ನನ್ನ ಪಾಠದ ತಪ್ಪು ಹೇಳುತ್ತಾನೆ. ಮುಂದೆ ನಾನು ಓದಿದ, ಓದಿಸಿದ ಬೋಧನಾ ಪುಸ್ತಕಗಳಲ್ಲಿ ಅವನ ಆ ನಾಲ್ಕು ಮಾತಿಗಿಂತ ಚೆನ್ನಾದ ಪಾಠ ವೀಕ್ಷಣೆ ನನಗೆ ಸಿಕ್ಕಿಲ್ಲ. ಅಪ್ಪ 1978ರಲ್ಲಿ ತೀರಿಕೊಂಡ. ಅವನಿಗೆ ಇದನ್ನು ಹೇಳುವುದು ಆಗಲಿಲ್ಲ.

ಎಂ.ಇಡಿ. ಮಾಡಿಕೊಂಡು 1983ರಲ್ಲಿ ಶಿಕ್ಷಣ ಮಹಾವಿದ್ಯಾಲಯಕ್ಕೆ ಬಂದೆ. ಆ ಹೊತ್ತಿಗೆ ಸೂಕ್ಷ್ಮ ಬೋಧನೆ ನಮ್ಮ ಕಡೆ ಹೊಸ ಉತ್ಸಾಹದ ವಿಷಯ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಹುಟ್ಟಿದ ಪದ್ಧತಿ ಅದು. ನಮ್ಮ ದೇಶಕ್ಕೆ ಒಗ್ಗಿಸಿಕೊಂಡ ಮಾದರಿಯಲ್ಲಿ ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಒಟ್ಟು 36 ನಿಮಿಷದ ಚಕ್ರ. ಪ್ರಶ್ನೆ ಕೇಳುವ ಕೌಶಲ, ವಿವರಣಾ ಕೌಶಲ, ಪ್ರಚೋದನಾ ಬದಲಾವಣೆಯ ಕೌಶಲ ಎಂದು ಒಂದೊಂದನ್ನೇ ಬಿಡಿಸಿ ಕಲಿಸುತ್ತಿದ್ದೆವು. ಪ್ರಚೋದನಾ ಬದಲಾವಣೆಯ ಅಂಶಗಳಲ್ಲಿ ಚಲನೆ, ಹಾವಭಾವ, ದನಿಯ ಏರಿಳಿತದ ಜೊತೆಗೆ 'ವಿರಾಮ' ಎಂದೂ ಒಂದಿತ್ತು. ಅದನ್ನು ನಾನು ಹಲಗೆಯ ಮೇಲೆ ಬರೆಸುತ್ತಿದ್ದೆ. ವಿರಾಮ ಕೊಡದೆ ಬರೆಸುತ್ತಿದ್ದೆ.

ಈಗ ಆ ಪುಟಕ್ಕೆ ಬರುತ್ತೇನೆ. 1987ರ ಸೆಪ್ಟೆಂಬರ್. ನರಗುಂದದ ಕಡೆಯ ಹಳ್ಳಿಯಿಂದ ಬಂದ ಹುಡುಗಿ. ಹೆಸರು ಬೇಡ. ಸಣ್ಣ ದನಿ. ಒದ್ದೆ ಮಾಡಿದ ಬಟ್ಟೆಯ ಚೂರು ತಂದಿದ್ದಳು. ಸಾಲಿನಲ್ಲಿ ನಡೆದು ಪ್ರತಿ ಬೆಂಚಿನ ಒಬ್ಬೊಬ್ಬರ ಮುಂಗೈ ಮೇಲೆ ಅದನ್ನು ಒರೆಸಿದಳು. ಊದಿಕೊಳ್ಳಿ ಎಂದಳು. ಏನಾಯಿತು ಎಂದು ಕೇಳಿದಳು. ಕೇಳಿ ಸುಮ್ಮನೆ ನಿಂತಳು. ಮಕ್ಕಳು ಮುಂದಕ್ಕೆ ಬಾಗಿದರು.

ಕೇಳಿಸದೆ ಬಾಗಿದರು ಎಂದು ನಾನು ತಿಳಿದೆ. ಕೇಳಬೇಕೆಂದು ಬಾಗಿರಬಹುದು ಎಂದು ನನಗೆ ಹೊಳೆಯಲಿಲ್ಲ. ಹನ್ನೊಂದು ಪ್ರಶ್ನೆಗೆ ಒಂಬತ್ತು ಉತ್ತರ ಬಂದಿವೆ ಎಂದು ನನ್ನ ಕೈಯೇ ಬರೆದಿದೆ. ಅದರ ಕೆಳಗೇ ಹಿಂದಿನ ಬೆಂಚಿಗೆ ತಲುಪದು ಎಂದೂ ಅದೇ ಕೈ ಬರೆದಿದೆ. ಆ ದಿನ ನಾನು ಕೂತಿದ್ದೆಲ್ಲಿ ಎಂಬುದು ಚೆನ್ನಾಗಿ ನೆನಪಿದೆ. ಬಾಗಿಲ ಬಳಿ, ಮುಂದಿನ ಸಾಲಿನ ಪಕ್ಕ, ಮುಖ್ಯಾಧ್ಯಾಪಕರು ಗೌರವದಿಂದ ಹಾಕಿಸಿದ ಕುರ್ಚಿಯ ಮೇಲೆ. ಹಿಂದಿನ ಬೆಂಚಿಗೆ ನಾನು ಹೋಗಲೇ ಇಲ್ಲ.

ಪಾಠ ಮುಗಿದ ಮೇಲೆ ವಹಿ ಅವಳ ಕೈಗೆ ಕೊಟ್ಟೆ. ಓದಿದಳು. "ಮಕ್ಕಳು ಉತ್ತರ ಹೇಳಿದ್ರಲ್ರಿ ಮೇಡಂ" ಎಂದಳು. ಅದನ್ನೂ ಸಣ್ಣ ದನಿಯಲ್ಲೇ ಹೇಳಿದಳು. "ಏನಂದಿ? ಜೋರಾಗಿ ಹೇಳು" ಎಂದೆ. ಅಲ್ಲಿದ್ದ ಉಳಿದ ಪ್ರಶಿಕ್ಷಣಾರ್ಥಿಗಳು ನಕ್ಕರು. ಅವಳು ಮತ್ತೆ ಹೇಳಲಿಲ್ಲ.

1991ರ ಜನವರಿಯಲ್ಲಿ ನನ್ನ ದನಿ ಹೋಯಿತು. ಮೊದಲು ಸಂಜೆ ಹೊತ್ತಿಗೆ ಒಡೆಯುತ್ತಿತ್ತು, ಆಮೇಲೆ ಮಧ್ಯಾಹ್ನಕ್ಕೆ, ಕೊನೆಗೆ ಬೆಳಿಗ್ಗೆ ಎದ್ದಾಗಲೇ ಗಾಳಿ ಮಾತ್ರ. ಜ್ಯೇಷ್ಠಮಧು, ಮೆಣಸಿನ ಕಷಾಯ, ಬಿಸಿನೀರಿನ ಉಪ್ಪು ಎಲ್ಲ ಆಯಿತು. ಗಂಟಲಿನ ವೈದ್ಯರು ಸಣ್ಣ ಕನ್ನಡಿ ಇಳಿಸಿ ನೋಡಿ ಹೇಳಿದರು: ಧ್ವನಿತಂತುಗಳ ಮೇಲೆ ಎರಡೂ ಕಡೆ ಗಂಟು ಕಟ್ಟಿವೆ. ಹೆಂಗಸರ ಧ್ವನಿತಂತುಗಳು ಮಾತಾಡುವಾಗ ಸೆಕೆಂಡಿಗೆ ಸುಮಾರು ಇನ್ನೂರು ಸಲ ಒಂದಕ್ಕೊಂದು ತಾಗುತ್ತವೆ. ಹತ್ತು ನಿಮಿಷದ ಮಾತಿಗೆ ಹತ್ತಿರ ಹತ್ತಿರ ಲಕ್ಷ ಸಲ. ಕೂಗಿದಾಗ ಅವು ಬಡಿದುಕೊಳ್ಳುತ್ತವೆ. ಬಡಿದಲ್ಲಿ ದಡ್ಡು ಕಟ್ಟುತ್ತದೆ. ಕೈಗೆ ದಡ್ಡು ಕಟ್ಟಿದಂತೆ ಎಂದು ವೈದ್ಯರು ಹೇಳಿದಾಗ ನನಗೆ ಮಗ್ಗದ ಖಾತೆ ನೆನಪಾಯಿತು. ಅಪ್ಪನಿಗೆ ಕಿವಿಯಲ್ಲಿ, ನನಗೆ ಗಂಟಲಲ್ಲಿ.

ಎರಡು ವಾರ ಪೂರ್ತಿ ಮೌನ ಎಂದರು. ಪಿಸುಮಾತೂ ಬೇಡ, ಅದರಲ್ಲೂ ಗಂಟಲು ಬಿಗಿಯಾಗುತ್ತದೆ. ಕೆಮ್ಮಿ ಗಂಟಲು ಸರಿ ಮಾಡಿಕೊಳ್ಳುವುದು ಬೇಡ, ನೀರು ಗುಟುಕರಿಸಿ. ಆ ಮೇಲೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತು ಬಂದ ಒಬ್ಬ ಯುವಕನಿಂದ ಎರಡು ತಿಂಗಳು ಉಸಿರಿನ, ದನಿಯ ಅಭ್ಯಾಸ. ನನ್ನ ವಯಸ್ಸು ಆಗ ನಲವತ್ಮೂರು. ಮಾತಾಡಲು ಹೊಸದಾಗಿ ಕಲಿತೆ. ಶಸ್ತ್ರಕ್ರಿಯೆ ಬೇಕಾಗಲಿಲ್ಲ.

ಆ ಎರಡು ವಾರದ ನಡುವೆ ನನ್ನದೊಂದು ಮಾದರಿ ಪಾಠ ಗೊತ್ತಾಗಿತ್ತು. ಮುಂದೂಡೋಣ ಎಂದು ಸಹೋದ್ಯೋಗಿಗಳು ಹೇಳಿದರು. ಬೇಡ ಎಂದು ಚೀಟಿಯಲ್ಲಿ ಬರೆದು ಕೊಟ್ಟೆ. ಹಟವೋ ಸೊಕ್ಕೋ ತಿಳಿಯದು. ಒಂದು ಬಟ್ಟಲು ನೀರು, ಒಂದು ಚೂರು ಬಟ್ಟೆ ತೆಗೆದುಕೊಂಡು ಎಂಟನೆಯ ವರ್ಗಕ್ಕೆ ಹೋದೆ. ಹಲಗೆಯ ಮೇಲೆ "ಇಂದು ನನಗೆ ದನಿ ಇಲ್ಲ. ನನ್ನನ್ನು ನೋಡಿ" ಎಂದು ಬರೆದೆ. ನೋಡಿದರು. ಒದ್ದೆ ಬಟ್ಟೆಯಿಂದ ಅವರ ಮುಂಗೈ ಒರೆಸುತ್ತ ಹೋದೆ. ಊದಿ ತೋರಿಸಿದೆ. "ಏನಾಯಿತು?" ಎಂದು ಬರೆದು, ತಿರುಗಿ ನಿಂತೆ.

ಬೇರೆ ದಿನವಾಗಿದ್ದರೆ ನಾನು ಅಷ್ಟು ಹೊತ್ತಿಗೆ ಉತ್ತರ ಹೇಳಿ ಮುಂದಿನ ಪ್ರಶ್ನೆಗೆ ಹೋಗಿರುತ್ತಿದ್ದೆ. ಹೇಳಲು ದನಿ ಇರಲಿಲ್ಲ, ಕಾಯಬೇಕಾಯಿತು. ಒಬ್ಬ "ತಣ್ಣಗಾತ್ರಿ" ಎಂದ. ಇನ್ನೊಬ್ಬಳು "ಊದಿದ್ರ ಜಾಸ್ತಿ ತಣ್ಣಗಾತ್ರಿ" ಎಂದಳು. ಮತ್ತೆ ಯಾರೂ ಮಾತಾಡಲಿಲ್ಲ. ನಾನೂ ಇಲ್ಲ. ಆಗ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ಕೇಳಿದ: "ಟೀಚರ್, ಮಡಿಕ್ಯಾಗಿನ ನೀರು ತಣ್ಣಗ ಇರತಾವಲ್ರಿ, ಅದೂ ಹಿಂಗೇನ್ರಿ?"

ಇಪ್ಪತ್ತು ವರ್ಷ ಆ ಮಡಿಕೆಯ ಉದಾಹರಣೆಯನ್ನು ನಾನೇ ಹೇಳುತ್ತ ಬಂದಿದ್ದೆ. ಅದು ಮಗುವಿನ ಬಾಯಿಂದ ಪ್ರಶ್ನೆಯಾಗಿ ಬಂದದ್ದು ಅಂದೇ ಮೊದಲು.

ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಮೇರಿ ಬಡ್ ರೋ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಒಂದು ವಿಷಯ ಗುರುತಿಸಿದ್ದರು. 1974ರಲ್ಲಿ ಅದನ್ನು ಪ್ರಕಟಿಸಿದರು. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಉತ್ತರ ಕೊಡದೆ ಉಳಿಯುವವರು ಕಡಿಮೆಯಾಗುತ್ತಾರೆ, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚುತ್ತದೆ. ಇದನ್ನು ನಾನು ಎಂ.ಇಡಿ. ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಮೂರು ಸೆಕೆಂಡು ಎಷ್ಟು ಉದ್ದ ಎಂಬುದು ದನಿ ಹೋದ ಮೇಲೆ ಗೊತ್ತಾಯಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಒದ್ದೆ ಬಟ್ಟೆಯ ಉಪಾಯ ಯಾರದು ಎಂದು ಒಬ್ಬ ಸಹೋದ್ಯೋಗಿ ಕೇಳಿದರು. ನನಗೆ ಆಗ ನೆನಪಾಯಿತು. ಚೀಟಿಯಲ್ಲಿ ಏನೂ ಬರೆಯಲಿಲ್ಲ. ಮನೆಗೆ ಬಂದು 1987ರ ವಹಿ ತೆಗೆದು ನೋಡಿದೆ. ಆ ಪುಟವನ್ನು ತೆರೆದದ್ದು ಅದು ಮೊದಲ ಸಲ.

ನಾಲ್ಕು ವರ್ಷದ ನಂತರ ಅವಳು ಸಿಕ್ಕಳು. ಒಂದು ಅಂಚೆ ಕಚೇರಿಯ ಕಿಟಕಿಯ ಆಚೆ ಕೂತಿದ್ದಳು. ನನಗೆ ಗುರುತು ಸಿಗಲಿಲ್ಲ, ಅವಳೇ ಎದ್ದು ನಮಸ್ಕಾರ ಮಾಡಿದಳು. ಬಿ.ಇಡಿ. ಪಾಸಾಯಿತು, ಪ್ರಾಯೋಗಿಕದಲ್ಲಿ ಅಂಕ ಕಡಿಮೆ ಬಂತು, ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಲಿಲ್ಲ ಎಂದಳು. ಯಾಕೆ ಎಂದು ಕೇಳಿದೆ. "ನೀವು ಬರದಿದ್ದು ಖರೇ ಇತ್ರಿ ಮೇಡಂ. ನನ್ನ ದನಿ ಸಾಲಂಗಿಲ್ಲ" ಎಂದು ನಕ್ಕಳು. ನಡುವೆ ಜಾಳಿಗೆ ಇತ್ತು, ಹಿಂದೆ ಸಾಲಿನಲ್ಲಿ ಜನ ಮಾತಾಡುತ್ತಿದ್ದರು, ಹೊರಗೆ ಆಟೋಗಳ ಸದ್ದು. ಅವಳು ಹೇಳಿದ ಒಂದೊಂದು ಅಕ್ಷರವೂ ನನಗೆ ಕೇಳಿಸಿತು. ಅವಳು ನನ್ನ ಮುಖ ನೋಡಿ ಮಾತಾಡುತ್ತಿದ್ದಳು.

ತಪ್ಪು ಬರೆದಿದ್ದೆ ತಂಗಿ ಎನ್ನಬೇಕಿತ್ತು. ಅನ್ನಲಿಲ್ಲ. ಹಿಂದಿನವರು ಅವಸರ ಮಾಡುತ್ತಿದ್ದರು ಎಂಬ ನೆಪ. ಹತ್ತು ಅಂತರ್ದೇಶೀಯ ಪತ್ರ ಕೊಂಡು ಹೊರಗೆ ಬಂದೆ. ಎರಡು ತಿಂಗಳು ಆ ರಸ್ತೆಯಲ್ಲಿ ಹೋಗಲಿಲ್ಲ. ಧೈರ್ಯ ಮಾಡಿ ಹೋದಾಗ ಆ ಕಿಟಕಿಯಲ್ಲಿ ಬೇರೆಯವರಿದ್ದರು. ಅವಳಿಗೆ ವರ್ಗವಾಗಿತ್ತು. ಎಲ್ಲಿಗೆ ಎಂದು ಕೇಳಿದ್ದರೆ ಹೇಳುತ್ತಿದ್ದರು. ಅದನ್ನೂ ಕೇಳಲಿಲ್ಲ.

ಅಂದಿನಿಂದ ನಿವೃತ್ತಿಯವರೆಗೆ ಎರಡು ನಿಯಮ ಪಾಲಿಸಿದೆ. ಒಂದು, ಪಾಠ ವೀಕ್ಷಣೆಗೆ ಹೋದರೆ ಕೊನೆಯ ಬೆಂಚಿನಲ್ಲಿ ಮಕ್ಕಳ ನಡುವೆ ಕೂರುವುದು. ಎರಡು, 'ದನಿ' ಎಂಬ ಕಲಮಿನಲ್ಲಿ ನನ್ನ ಅಭಿಪ್ರಾಯ ಬರೆಯುವ ಮೊದಲು ಪಕ್ಕದ ಮಗುವನ್ನು ಕೇಳುವುದು: "ಟೀಚರ್ ಈಗ ಏನು ಹೇಳಿದರು?" ಗಟ್ಟಿ ದನಿಯವರ ಎಷ್ಟೋ ಪಾಠಗಳಲ್ಲಿ ಮಗು ಹೇಳಲಾರದೆ ನನ್ನ ಮುಖ ನೋಡಿದೆ. ಮೆಲುದನಿಯವರ ಕೆಲವು ಪಾಠಗಳಲ್ಲೂ ಹಾಗೇ ಆಗಿದೆ, ಅದನ್ನು ಮುಚ್ಚಿಡುವುದಿಲ್ಲ. ಮೆಲುದನಿ ದೊಡ್ಡ ಗುಣವೇನಲ್ಲ. ನೆಲ ನೋಡಿಕೊಂಡು ಗುನುಗಿದರೆ ಮುಂದಿನ ಬೆಂಚಿಗೂ ತಲುಪದು. ಆ ಹುಡುಗಿಗೆ ನಾನು "ಸಾಲುಗಳ ನಡುವೆ ಇನ್ನಷ್ಟು ಹಿಂದಕ್ಕೆ ಹೋಗು, ಕಿಟಕಿ ಬೆನ್ನಿಗೆ ಬರದಂತೆ ನಿಲ್ಲು, ಕೊನೆಯ ಬೆಂಚಿನವನನ್ನು ನೋಡಿ ಪ್ರಶ್ನೆ ಕೇಳು" ಎಂದು ಮೂರು ಸಾಲು ಬರೆಯಬಹುದಿತ್ತು. ಅದು ವಿಮರ್ಶೆ. ನಾನು ಬರೆದದ್ದು ತೀರ್ಪು.

ಈಗ ಧಾರವಾಡದಲ್ಲೇ ಇದ್ದೇನೆ. ಸಕ್ಕರೆ ಕಾಯಿಲೆ ಇದೆ, ಮೊಣಕಾಲು ಕರ್ನಾಟಕ ಕಾಲೇಜಿನ ಆವರಣದಲ್ಲಿ ಒಂದು ಸುತ್ತಿಗೆ ಮಾತ್ರ ಒಪ್ಪುತ್ತದೆ. ಅಕ್ಕನ ಮಗಳ ಮನೆಗೆ ಹುಬ್ಬಳ್ಳಿಗೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ನಿಲ್ದಾಣದ ಹೆಸರು ಕೂಗುವುದು ತಿಳಿಯುವುದಿಲ್ಲ, ಬರೆದು ತೋರಿಸುವ ಫಲಕ ನೋಡಿ ಇಳಿಯುತ್ತೇನೆ. ಐದು ವರ್ಷದ ಹಿಂದೆ ಕಿವಿ ಪರೀಕ್ಷೆ ಮಾಡಿಸಿದೆ. ನಕ್ಷೆಯ ಗೆರೆ ಎಡದಿಂದ ಬಲಕ್ಕೆ ಇಳಿಜಾರಿನಂತೆ ಇಳಿದಿತ್ತು. ವಯಸ್ಸಿನಿಂದಾಗಲಿ ಸದ್ದಿನಿಂದಾಗಲಿ ಕಿವಿ ಮಂದವಾಗುವಾಗ ಮೊದಲು ಹೋಗುವುದು ಮೇಲಿನ ಶ್ರುತಿಯ ಸದ್ದು. ಸ, ಶ, ತ, ಕ, ಪ ಇಂಥ ವ್ಯಂಜನಗಳ ಚುರುಕು ಅಲ್ಲಿದೆ. ಸ್ವರಗಳು ಉಳಿಯುತ್ತವೆ. ಅದಕ್ಕೇ ಪಾಠ ಹೋಗಿ ಆಟವಾಗುತ್ತದೆ. ಎದುರಿನವರು ಕೂಗಿದಾಗ ಸ್ವರಗಳೇ ಇನ್ನೂ ದಪ್ಪವಾಗುತ್ತವೆ, ವ್ಯಂಜನಗಳು ಅವುಗಳ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಕೂಗಬೇಡ ಎಂದು ಅಪ್ಪ ಯಾಕೆ ಹೇಳುತ್ತಿದ್ದ ಎಂಬುದು ಆ ನಕ್ಷೆ ನೋಡಿದಾಗ ಪೂರ್ತಿ ಅರ್ಥವಾಯಿತು. ಕಿವಿಗೆ ಯಂತ್ರ ಹಾಕಿಸಿಕೊಂಡಿದ್ದೇನೆ. ಅದು ಸದ್ದನ್ನು ದೊಡ್ಡದು ಮಾಡುತ್ತದೆ, ಮುಖವನ್ನು ತಂದುಕೊಡುವುದಿಲ್ಲ. ಮೊನ್ನೆ ಮೊಮ್ಮಗಳು ಮೊಬೈಲು ನೋಡುತ್ತ ಏನೋ ಹೇಳಿದಳು. "ಮಾರಿ ತೋರ್ಸಿ ಮಾತಾಡವ್ವಾ" ಎಂದುಬಿಟ್ಟೆ. ಹೇಳಿದ ಮೇಲೆ ಒಂದು ಗಳಿಗೆ ಸುಮ್ಮನೆ ಕೂತೆ.

ಪ್ರಶಿಕ್ಷಣಾರ್ಥಿ ಬಂಧುಗಳೇ, 2015ರಿಂದ ನಿಮ್ಮ ಬಿ.ಇಡಿ. ಎರಡು ವರ್ಷದ್ದಾಗಿದೆ. ಸಾಲೆಗಳಲ್ಲಿ ಇರಲು ನಮಗಿಂತ ಹೆಚ್ಚು ದಿನ ಸಿಗುತ್ತವೆ. ಆ ದಿನಗಳಿಗಾಗಿ ನಾಲ್ಕು ಮಾತು ಹೇಳಲು ಅಪ್ಪಣೆ ಕೊಡಿ. ಹಲಗೆಯ ಮೇಲೆ ಬರೆಯುವಾಗ ಬರೆಯಿರಿ, ಹೇಳುವಾಗ ತಿರುಗಿ ನಿಂತು ಹೇಳಿ, ಎರಡನ್ನೂ ಒಟ್ಟಿಗೆ ಮಾಡಬೇಡಿ. ವರ್ಗ ಗದ್ದಲ ಮಾಡಿದಾಗ ದನಿ ಇಳಿಸಿ ಅಥವಾ ಸುಮ್ಮನೆ ನಿಲ್ಲಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ. ನೀರಿನ ಬಾಟಲಿ ಮೇಜಿನ ಮೇಲಿರಲಿ, ದನಿ ಒಡೆಯುವುದು ಎರಡು ವಾರ ದಾಟಿದರೆ ಕಷಾಯ ಬಿಟ್ಟು ವೈದ್ಯರ ಬಳಿ ಹೋಗಿ. ನಿಮ್ಮ ವರ್ಗದಲ್ಲಿ ಸರಿಯಾಗಿ ಕೇಳಿಸದ ಒಂದು ಮಗು ಇರಬಹುದು. ಅದಕ್ಕೇ ಅದು ಗೊತ್ತಿರುವುದಿಲ್ಲ, ದಡ್ಡ ಎನ್ನಿಸಿಕೊಂಡು ಹಿಂದಿನ ಬೆಂಚಿಗೆ ಹೋಗಿ ಕೂತಿರುತ್ತದೆ. ನಿಮ್ಮ ಮುಖವೇ ಅದಕ್ಕಿರುವ ಪುಸ್ತಕ.

ಈ ಸಂಚಿಕೆ ಓದುವ ನನ್ನಂಥ ವೀಕ್ಷಕರಿಗೂ ಒಂದು ಮಾತು. ಇಪ್ಪತ್ಮೂರು ವರ್ಷದ ಹುಡುಗ ಹುಡುಗಿಯರು ನಾವು ಬರೆದದ್ದನ್ನು ನಂಬುತ್ತಾರೆ. ನಮಗೆ ಅದು ದಿನದ ನಾಲ್ಕನೆಯ ಪಾಠದ ಷರಾ, ಮರುದಿನ ಮರೆಯುತ್ತೇವೆ. ಅವರು ಮರೆಯುವುದಿಲ್ಲ.

ಟ್ರಂಕು ಮತ್ತೆ ಅಟ್ಟಕ್ಕೆ ಹೋಗಿದೆ. ಆ ಒಂದು ವಹಿ ಮಾತ್ರ ಮೇಜಿನ ಮೇಲಿದೆ. ಕೆಂಪು ಗೆರೆಯ ಕೆಳಗೆ ನೀಲಿ ಶಾಯಿಯಲ್ಲಿ ಇಂದಿನ ತಾರೀಖು ಹಾಕಿ ಬರೆದಿದ್ದೇನೆ: "ವೀಕ್ಷಕಿ ಹಿಂದಿನ ಬೆಂಚಿನಲ್ಲಿ ಕೂತಿರಲಿಲ್ಲ. ಮೇಲಿನ ಷರಾ ರದ್ದು." ಸಹಿಯನ್ನೂ ಮಾಡಿದ್ದೇನೆ. ಇದು ಎಲ್ಲಿಯಾದರೂ ಅವಳ ಕಣ್ಣಿಗೆ ಬಿದ್ದರೆ, ಒದ್ದೆ ಬಟ್ಟೆಯ ಪಾಠ ಅವಳದೇ ಎಂದು ಅವಳಿಗೆ ಗೊತ್ತಾಗುತ್ತದೆ.